ಅಜ್ಜನ ಬಲೆಗೆ ಬಿದ್ದ ಮೀನು ಸುಳ್ಳಲ್ಲ

ಅಮೆರಿಕದ ಫ್ಲಾರಿಡಾ ರಾಜ್ಯದ ತೆಂಕಣ ತುದಿಯಲ್ಲಿ ಕೀ ವೆಸ್ಟ್ ಎಂಬ ಪುಟ್ಟ ಊರಿದೆ. ದುಡ್ಡು ಕೊಟ್ಟು ದೋಣಿ ಹತ್ತುವುದು, ದಿನವಿಡೀ ಸಮುದ್ರದಲ್ಲಿ ಗಾಳ ಹಾಕುವುದು, ಸಂಜೆ ದಡಕ್ಕೆ ಬಂದು ಹಿಡಿದ ಮೀನುಗಳನ್ನು ಹಲಗೆಗೆ ಸಾಲಾಗಿ ನೇತುಹಾಕಿ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವುದು ಅಲ್ಲಿಗೆ ಬರುವ ಪ್ರವಾಸಿಗರ ಬಹಳ ಹಳೆಯ ಚಟ. ಲೋರೆನ್ ಮೆಕ್ಲೆನಹನ್ ಎಂಬ ಕಡಲ ಪರಿಸರ ವಿಜ್ಞಾನಿ ಅಲ್ಲಿನ ಗ್ರಂಥಾಲಯದಲ್ಲಿದ್ದ ಇಂಥ ಹಳೆಯ ಫೋಟೋಗಳನ್ನು ಹರಡಿಕೊಂಡು, ಅವುಗಳಲ್ಲಿ ನೇತಾಡುತ್ತಿದ್ದ ಮೀನುಗಳನ್ನು ಒಂದೊಂದಾಗಿ ಅಳೆಯಲು ಕುಳಿತರು.

ಐವತ್ತರ ದಶಕದ ಫೋಟೋಗಳಲ್ಲಿ ಹಿಡಿದವನಿಗಿಂತ ಮೀನೇ ದೊಡ್ಡದು. ನಮ್ಮ ಕರಾವಳಿಯವರು ಮುರು ಮೀನು ಎನ್ನುವುದರ ದೈತ್ಯ ಬಂಧುವಾದ ಗೋಲಿಯಾತ್ ಗ್ರೂಪರ್, ಆಳುದ್ದದ ಶಾರ್ಕ್, ಎಲ್ಲವೂ ಆ ಹಲಗೆಯ ಮೇಲಿವೆ. 2007ರಲ್ಲಿ ಮೆಕ್ಲೆನಹನ್ ತಾವೇ ಹೋಗಿ ತೆಗೆದ ಫೋಟೋಗಳಲ್ಲಿ ಅದೇ ಬಗೆಯ ಹಲಗೆಯಿಂದ ನೇತಾಡುತ್ತಿರುವುದು ಬಹುಮಟ್ಟಿಗೆ ಒಂದು ಮೊಳವೂ ಇಲ್ಲದ ಸ್ನ್ಯಾಪರ್ ಮೀನುಗಳು. 1956ರಿಂದ 2007ರ ನಡುವೆ ಈ ‘ಬಹುಮಾನದ ಮೀನು’ಗಳ ಸರಾಸರಿ ತೂಕ 19.9 ಕಿಲೋದಿಂದ 2.3 ಕಿಲೋಗೆ ಇಳಿದಿತ್ತು. 2009ರಲ್ಲಿ ಅವರು ಇದನ್ನು ಪ್ರಕಟಿಸಿದರು. ಹಣದುಬ್ಬರ ಕಳೆದು ನೋಡಿದರೂ ದೋಣಿಯ ದರ ಮಾತ್ರ ಇಳಿದಿರಲಿಲ್ಲವಂತೆ.

ಆದರೆ ಆ ಫೋಟೋಗಳಲ್ಲಿ ಮೀನಿಗಿಂತ ಹೆಚ್ಚು ಕಾಡುವುದು ಮನುಷ್ಯರ ಮುಖ. ಐವತ್ತು ವರ್ಷಗಳಲ್ಲಿ ಮೀನು ಒಂಬತ್ತನೇ ಒಂದು ಪಾಲಿನಷ್ಟಾಗಿದೆ. ನಗು ಎಷ್ಟಿತ್ತೋ ಅಷ್ಟೇ ಇದೆ. 2007ರ ಪ್ರವಾಸಿ ಸುಳ್ಳು ನಗುತ್ತಿಲ್ಲ. ಅವನಿಗೆ ನಿಜವಾಗಿಯೂ ಸಂತೋಷವಾಗಿದೆ. ಅವನು ತನ್ನ ಮೀನನ್ನು ಹೋಲಿಸುತ್ತಿರುವುದು ಪಕ್ಕದವನ ಮೀನಿನೊಂದಿಗೆ, ತನ್ನ ಅಜ್ಜನ ಮೀನಿನೊಂದಿಗಲ್ಲ.

ನನ್ನ ತಕರಾರು ಈ ನಗುವಿನ ಮೇಲೆ. ಕೀ ವೆಸ್ಟಿನ ಪ್ರವಾಸಿಯ ಮೇಲೆ ಸಿಟ್ಟು ಮಾಡಿ ಪ್ರಯೋಜನವಿಲ್ಲ. ಅವನು ರಜೆಗೆ ಬಂದವನು. ಅದೇ ನಗುವನ್ನು ಹೊತ್ತು ಸಮುದ್ರದ ದಡದಲ್ಲಿ ನಿಂತಿರುವ ನಮ್ಮ ಬಗ್ಗೆ ಹೇಳಬೇಕಾಗಿದೆ. ಓದುಬರಹದವರು, ನೆನಪನ್ನು ಕಾಯುವುದೇ ತಮ್ಮ ಕೆಲಸ ಎಂದು ಹೇಳಿಕೊಳ್ಳುವವರು ನಾವು.

ಈ ಮರೆವಿಗೆ ಹೆಸರಿಟ್ಟವರು ಡೇನಿಯಲ್ ಪಾಲಿ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಈ ವಿಜ್ಞಾನಿ 1995ರಲ್ಲಿ ಒಂದೇ ಪುಟದ ಲೇಖನವೊಂದನ್ನು ಬರೆದರು. ಅದರಲ್ಲಿ ಅವರು ಬೈದದ್ದು ಮೀನುಗಾರರನ್ನಲ್ಲ, ತಮ್ಮ ಸಹೋದ್ಯೋಗಿಗಳನ್ನು. ಪ್ರತಿ ತಲೆಮಾರಿನ ಮೀನುಗಾರಿಕಾ ವಿಜ್ಞಾನಿಯೂ ತಾನು ಕೆಲಸಕ್ಕೆ ಸೇರಿದ ದಿನ ಕಡಲಲ್ಲಿ ಎಷ್ಟು ಮೀನಿತ್ತೋ ಅದನ್ನೇ ‘ಸಹಜ’ ಎಂದುಕೊಳ್ಳುತ್ತಾನೆ. ಅಲ್ಲಿಂದ ಮುಂದಿನ ನಷ್ಟವನ್ನಷ್ಟೇ ಲೆಕ್ಕ ಹಾಕುತ್ತಾನೆ. ಅವನು ನಿವೃತ್ತನಾಗುವ ಹೊತ್ತಿಗೆ ಮೀನು ಇನ್ನಷ್ಟು ಕಡಿಮೆಯಾಗಿರುತ್ತದೆ. ಅವನ ನಂತರ ಬಂದವನಿಗೆ ಅದೇ ಹೊಸ ಸಹಜ. ಅಳೆಯಲು ಎಳೆದ ಗೆರೆಯೇ ಹೀಗೆ ತಲೆಮಾರಿನಿಂದ ತಲೆಮಾರಿಗೆ ಕೆಳಕ್ಕೆ ಜಾರುತ್ತ ಹೋಗುತ್ತದೆ. ಪಾಲಿ ಇದನ್ನು ‘ಶಿಫ್ಟಿಂಗ್ ಬೇಸ್‌ಲೈನ್ ಸಿಂಡ್ರೋಮ್’ ಎಂದು ಕರೆದರು. ಕನ್ನಡದಲ್ಲಿ ಅಳತೆಗೆರೆ ಜಾರುವ ರೋಗ ಎನ್ನೋಣ.

ಆ ಒಂದು ಪುಟದಲ್ಲಿ ಒಬ್ಬ ಅಜ್ಜನೂ ಇದ್ದಾನೆ. ಪಾಲಿಯವರ ಸಹೋದ್ಯೋಗಿಯೊಬ್ಬರ ಅಜ್ಜ. 1920ರ ದಶಕದಲ್ಲಿ ಡೆನ್ಮಾರ್ಕ್ ಮತ್ತು ಸ್ವೀಡನ್ ನಡುವಿನ ಕಟ್ಟೆಗಾಟ್ ಎಂಬ ಕಡಲಲ್ಲಿ ಬಂಗುಡೆ ಜಾತಿಯ ಮೀನಿಗೆ ಬಲೆ ಬಿಡುತ್ತಿದ್ದವನು. ದೊಡ್ಡ ಬ್ಲೂಫಿನ್ ಟ್ಯೂನಾ ಮೀನುಗಳು ಬಂದು ಬಲೆಗೆ ಸಿಕ್ಕಿಕೊಳ್ಳುತ್ತಿದ್ದುದು ಅವನಿಗೆ ತಲೆನೋವಾಗಿತ್ತಂತೆ. ಆಗ ಆ ಮೀನಿಗೆ ಅಲ್ಲಿ ಮಾರುಕಟ್ಟೆಯೇ ಇರಲಿಲ್ಲ. ಇಂದು ಅದೇ ಬ್ಲೂಫಿನ್ ಜಗತ್ತಿನ ಅತಿ ದುಬಾರಿ ಮೀನುಗಳಲ್ಲಿ ಒಂದು. ಯಾವ ಸರ್ಕಾರಿ ಪಟ್ಟಿಯಲ್ಲೂ ಹೊಳೆಯದ ಒಂದು ಸಂಗತಿಯನ್ನು ಆ ಅಜ್ಜನ ಗೊಣಗಾಟ ಉಳಿಸಿಕೊಂಡಿದೆ: ಆ ಕಡಲಲ್ಲಿ ಒಂದು ಕಾಲಕ್ಕೆ ಟ್ಯೂನಾ ಬೇಡವೆನ್ನಿಸುವಷ್ಟಿತ್ತು.

ಖಗೋಳ ವಿಜ್ಞಾನಿಗಳು ಸಾವಿರಾರು ವರ್ಷಗಳ ಹಿಂದೆ ಸುಮೇರಿಯದವರು, ಚೀನಾದವರು ಬರೆದಿಟ್ಟ ಆಕಾಶದ ಟಿಪ್ಪಣಿಗಳನ್ನು ಇಂದಿಗೂ ಬಳಸಿಕೊಳ್ಳುತ್ತಾರೆ. ಮೀನಿನ ವಿಷಯಕ್ಕೆ ಬಂದಾಗ ಮಾತ್ರ ಅಜ್ಜನ ಮಾತು ‘ಬರೀ ಕಥೆ’ ಏಕಾಗುತ್ತದೆ? ಇದು ಪಾಲಿಯವರ ಪ್ರಶ್ನೆ. ನಾನು ಅದಕ್ಕೆ ಇನ್ನೊಂದು ಪ್ರಶ್ನೆ ಸೇರಿಸುತ್ತೇನೆ. ಯಾವುದು ಅಂಕಿಅಂಶ, ಯಾವುದು ಕಥೆ ಎಂದು ತೀರ್ಮಾನಿಸುವವರು ಯಾರು? ಹೇಳಿದವನು ಅಂಗಿ ತೊಟ್ಟಿದ್ದಾನೋ, ಬರಿಮೈಯಲ್ಲಿದ್ದಾನೋ ಎನ್ನುವುದರ ಮೇಲೆ ಎಷ್ಟೋ ಸಲ ಅದು ತೀರ್ಮಾನವಾಗುತ್ತದೆ.

ಹಾಗೆ ತೀರ್ಮಾನಿಸಿದ್ದಕ್ಕೆ ತೆತ್ತ ಬೆಲೆ ಎಷ್ಟೆಂದು ತಿಳಿಯಲು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕರಾವಳಿಯನ್ನು ನೋಡಬೇಕು. ಐದು ಶತಮಾನಗಳಷ್ಟು ಕಾಲ ಯುರೋಪಿಗೆ ಒಣಮೀನು ಒದಗಿಸಿದ ಕಾಡ್ ಮೀನಿನ ಕಡಲು ಅದು. ದಡದ ಹತ್ತಿರ ಸಣ್ಣ ದೋಣಿಗಳಲ್ಲಿ ಹಿಡಿಯುತ್ತಿದ್ದವರು 1980ರ ದಶಕದಲ್ಲೇ ಕೂಗಿ ಹೇಳಿದರು: ಮೀನು ಕಡಿಮೆಯಾಗುತ್ತಿದೆ, ಬರುವ ಮೀನೂ ಸಣ್ಣದು. ಅಧಿಕೃತ ಅಂದಾಜುಗಳು ಹೆಚ್ಚಾಗಿ ಆಳಸಮುದ್ರದ ದೊಡ್ಡ ಟ್ರಾಲರುಗಳ ಹಿಡುವಳಿಯನ್ನು ನೆಚ್ಚಿಕೊಂಡಿದ್ದವು. ಟ್ರಾಲರುಗಳಿಗೆ ಮೀನು ಸಿಗುತ್ತಲೇ ಇತ್ತು, ಏಕೆಂದರೆ ಅಳಿದುಳಿದ ಮೀನು ಒಂದೆಡೆ ಗುಂಪುಗೂಡಿದಾಗ ಅದನ್ನು ಹುಡುಕಿ ಹಿಡಿಯುವ ಯಂತ್ರ ಅವುಗಳ ಬಳಿ ಇತ್ತು. 1992ರ ಜುಲೈನಲ್ಲಿ ಸರ್ಕಾರ ಕಾಡ್ ಹಿಡಿಯುವುದನ್ನೇ ನಿಲ್ಲಿಸಬೇಕಾಯಿತು. ಸುಮಾರು 30,000 ಮಂದಿ ಕೆಲಸ ಕಳೆದುಕೊಂಡರು. ಮೊದಲು ಹೇಳಿದವರು ಯಾರೋ, ಮೊದಲು ಬೀದಿಗೆ ಬಿದ್ದವರೂ ಅವರೇ.

ಮರೆವು ದೂರದ ಕಚೇರಿಗಳಲ್ಲಷ್ಟೇ ಇರುವುದಿಲ್ಲ, ಮೀನುಗಾರನ ಮನೆಯೊಳಗೂ ಇರುತ್ತದೆ. ಆಂಡ್ರಿಯಾ ಸಾಯೆನ್ಸ್ ಅರೋಯೊ ಮತ್ತು ಅವರ ಸಂಗಡಿಗರು ಮೆಕ್ಸಿಕೋದ ಕ್ಯಾಲಿಫೋರ್ನಿಯಾ ಕೊಲ್ಲಿಯ ಊರುಗಳಲ್ಲಿ ಮೂರು ತಲೆಮಾರಿನ 108 ಮೀನುಗಾರರನ್ನು ಮಾತನಾಡಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ತೋರಿಸುತ್ತದೆ. ಹಿಂದೆ ಧಾರಾಳವಾಗಿದ್ದು ಈಗ ಬರಿದಾದ ಮೀನುಗಳನ್ನು ಹೆಸರಿಸಿ ಎಂದಾಗ, ಹಿರಿಯರು ಹೇಳಿದ ಜಾತಿಗಳ ಸಂಖ್ಯೆ ಕಿರಿಯರು ಹೇಳಿದ್ದರ ಐದು ಪಟ್ಟು. ಬರಿದಾದ ಜಾಗಗಳ ಸಂಖ್ಯೆ ನಾಲ್ಕು ಪಟ್ಟು. ನಿಮ್ಮ ಜೀವನದ ಅತಿ ಒಳ್ಳೆಯ ದಿನ ಎಷ್ಟು ಹಿಡಿದಿರಿ ಎಂದರೆ, ಅಲ್ಲಿನ ದೊಡ್ಡ ಗ್ರೂಪರ್ ಮೀನಿನ ವಿಷಯದಲ್ಲಿ ಹಿರಿಯರ ಲೆಕ್ಕ ಕಿರಿಯರದಕ್ಕಿಂತ 25 ಪಟ್ಟಿನವರೆಗೂ ಹೋಗಿತ್ತು. ಅಜ್ಜ, ಮೊಮ್ಮಗ ಒಂದೇ ಊರಿನಲ್ಲಿ ಬದುಕುತ್ತಾರೆ, ಅದೇ ನೀರಿಗೆ ಇಳಿಯುತ್ತಾರೆ. ಆದರೂ ಅವರ ತಲೆಯೊಳಗಿನ ಕಡಲುಗಳು ಬೇರೆ ಬೇರೆ. ಸಣ್ಣ ಕಡಲನ್ನು ಪೂರ್ತಿ ಕಡಲೆಂದು ನಂಬಿದವನು ಕಳೆದುಹೋದದ್ದನ್ನು ಮರಳಿ ಕೇಳುವುದಾದರೂ ಹೇಗೆ?

ಈಗ ನಮ್ಮ ಕರಾವಳಿಗೆ ಬರೋಣ. ಮಂಗಳೂರಿನಿಂದ ಕಾರವಾರದವರೆಗಿನ ಸುಮಾರು 300 ಕಿಲೋಮೀಟರ್ ದಡದಲ್ಲೂ ಅಂಥ ಮೂರು ತಲೆಮಾರುಗಳಿವೆ. ಅಜ್ಜನದು ರಂಪಣಿಯ ಕಾಲ. ದೋಣಿಯಲ್ಲಿ ಬಲೆಯನ್ನು ದಡದಿಂದ ದಡಕ್ಕೆ ಅರ್ಧಚಂದ್ರಾಕಾರವಾಗಿ ಬಿಟ್ಟು, ಎರಡೂ ತುದಿಯ ಹಗ್ಗ ಹಿಡಿದು ಊರಿಗೆ ಊರೇ ಎಳೆಯುತ್ತಿದ್ದ ಕಾಲ. ಅಪ್ಪನದು ಪರ್ಸೀನ್ ಮತ್ತು ಟ್ರಾಲ್ ಬೋಟಿನ ಕಾಲ. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬಂದ ಮೇಲೆ ರಂಪಣಿ ಕೆಲವೇ ವರ್ಷಗಳಲ್ಲಿ ಮೂಲೆ ಸೇರಿತು. ರಂಪಣಿಯವರು ಮೀನು ದಡಕ್ಕೆ ಬರುವುದನ್ನು ಕಾಯುತ್ತಿದ್ದರು. ಪರ್ಸೀನ್ ಮೀನು ಇದ್ದಲ್ಲಿಗೇ ಹೋಗಿ ಹಿಂಡನ್ನು ಸುತ್ತಿ ಬಲೆಯ ಬುಡವನ್ನು ಚೀಲದಂತೆ ಬಿಗಿಯುತ್ತದೆ. ಮೊಮ್ಮಗನದು ಜಿಪಿಎಸ್, ಮೀನು ತೋರಿಸುವ ಪರದೆ, ಹತ್ತು ಹನ್ನೆರಡು ದಿನದ ಆಳಸಮುದ್ರ ಯಾನ ಮತ್ತು ಫಿಶ್‌ಮಿಲ್‌ಗಳ ಕಾಲ.

ಅಪ್ಪನ ಕಾಲದ ಒಂದು ಸಂಗತಿಯನ್ನು ಹೇಳಬೇಕು. ತೇಡೆ ಎಂಬ ಕಡಲ ಬೆಕ್ಕುಮೀನು ನಮ್ಮಲ್ಲಿತ್ತು. ಈಗಲೂ ಅಷ್ಟಿಷ್ಟು ಇದೆ. ಹೆಣ್ಣು ತೇಡೆ ಇಟ್ಟ ಮೊಟ್ಟೆಗಳನ್ನು ಗಂಡು ತನ್ನ ಬಾಯೊಳಗೆ ಇಟ್ಟುಕೊಂಡು, ಆಹಾರ ಬಿಟ್ಟು, ಮರಿಯಾಗುವವರೆಗೆ ಕಾಯುತ್ತದೆ. ಮೊಟ್ಟೆ ಗೋಲಿಯಷ್ಟು ದೊಡ್ಡದು. ಹಾಗಾಗಿ ಸಂಖ್ಯೆ ಕಡಿಮೆ. ಬೂತಾಯಿಯ ಹಾಗೆ ಸಾವಿರಗಟ್ಟಲೆ ಮೊಟ್ಟೆ ಚೆಲ್ಲಿ ಅದೃಷ್ಟಕ್ಕೆ ಬಿಡುವ ಮೀನಲ್ಲ ಅದು. ಪರ್ಸೀನ್ ಬಲೆಗಳು ಹೀಗೆ ಬಾಯ್ತುಂಬ ಮೊಟ್ಟೆ ಹೊತ್ತ ಗಂಡುಗಳ ಹಿಂಡನ್ನೇ ಸುತ್ತಿ ತಂದವು. ಬಲೆಯಲ್ಲಿ ಉಸಿರುಗಟ್ಟಿ ಮೀನು ಬಾಯಿ ಬಿಟ್ಟಾಗ ಮೊಟ್ಟೆಗಳು ಉದುರಿ ರಾಶಿಯಾಗುತ್ತಿದ್ದವು. ಕೇಂದ್ರ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1980ರ ದಶಕದಲ್ಲೇ ಇದನ್ನು ದಾಖಲಿಸಿ, ಹೀಗೇ ನಡೆದರೆ ಈ ಮೀನು ಉಳಿಯುವುದಿಲ್ಲ ಎಂದು ಎಚ್ಚರಿಸಿದ್ದರು. ಆಮೇಲೆ ತೇಡೆಯ ಹಿಡುವಳಿ ಕುಸಿಯಿತು.

ವಿಜ್ಞಾನಿಗಳ ಆ ಮಾತು ಇಂಗ್ಲಿಷ್ ವರದಿಗಳಲ್ಲಿ ಭದ್ರವಾಗಿದೆ. ನಾನು ಕೇಳುವುದು ಬೇರೆಯದನ್ನು. ಆ ಬೋಟುಗಳ ಮೇಲೆ ನಿಂತು, ಮೊಳಕಾಲವರೆಗೆ ಮೊಟ್ಟೆಯ ರಾಶಿಯಲ್ಲಿ ಕೆಲಸ ಮಾಡಿದವರು ಇದ್ದರಲ್ಲ, ಅವರು ಏನು ಅಂದುಕೊಂಡರು? ಮನೆಗೆ ಬಂದು ಏನು ಹೇಳಿದರು? ಅವರಲ್ಲಿ ಯಾರಾದರೂ ಬಲೆ ಬಿಚ್ಚಿ ಮೀನು ಬಿಟ್ಟರೇ? ಅವರಿಗೆ ಈಗ ಎಪ್ಪತ್ತು ದಾಟಿರಬೇಕು. ಕನ್ನಡದಲ್ಲಿ ಅವರ ಮಾತನ್ನು ಬರೆದುಕೊಳ್ಳಲು ಎಷ್ಟು ಜನ ಹೋಗಿದ್ದೇವೆ?

2021ರಲ್ಲಿ ಮಲ್ಪೆ ಬಂದರಿಗೆ ದೊಡ್ಡ ಗರಗಸ ಮೀನೊಂದು ಬಂದಾಗ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಕ್ರೇನಿನಿಂದ ಎತ್ತಿದ ದೃಶ್ಯವನ್ನು ಎಲ್ಲರೂ ಮೊಬೈಲಿನಲ್ಲಿ ನೋಡಿದರು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿ, ಹುಲಿಯ ಸಾಲಿನಲ್ಲಿ ಇರುವ ಮೀನು ಅದು. ಒಂದು ಕಾಲಕ್ಕೆ ಭಾರತದ ಎರಡೂ ಕರಾವಳಿಗಳಲ್ಲಿ ಮೀನುಗಾರರಿಗೆ ಪರಿಚಿತವಾಗಿದ್ದ ಮೀನೊಂದು ಬಂದರಿಗೆ ಬಂದದ್ದೇ ಸುದ್ದಿಯಾಗುತ್ತದೆಂದರೆ, ನಿಜವಾದ ಸುದ್ದಿ ಅದು ಬಂದದ್ದಲ್ಲ. ಇಷ್ಟು ವರ್ಷ ಬಾರದೇ ಇದ್ದದ್ದು. ಆ ಸುದ್ದಿಯನ್ನು ಬರೆದವರು ಕಡಿಮೆ, ಏಕೆಂದರೆ ಇಲ್ಲದ್ದರ ಫೋಟೋ ತೆಗೆಯಲು ಆಗುವುದಿಲ್ಲ. ಇಲ್ಲದ್ದನ್ನು ಹಿಡಿದಿಡಲು ಇರುವುದು ಭಾಷೆಯೊಂದೇ. ಅಲ್ಲಿಗೆ ಮಾತು ನಮ್ಮ ಬಾಗಿಲಿಗೇ ಬಂತು.

ನಮ್ಮ ಬರವಣಿಗೆಯಲ್ಲಿ ಕಡಲು ಎಷ್ಟು ಸಲ ಬರುತ್ತದೆ ಎಂದು ಎಣಿಸಿ ನೋಡಿ. ಬಂದಾಗಲೆಲ್ಲ ಏನಾಗಿ ಬರುತ್ತದೆ? ಅನಂತವಾಗಿ, ವಿರಹವಾಗಿ, ಸೂರ್ಯಾಸ್ತವಾಗಿ, ಬದುಕಿನ ಏಳುಬೀಳಾಗಿ. ಅಲೆ ಎಂದರೆ ಸಾಕು, ಅದು ಮನಸ್ಸೇ. ಮೀನುಗಾರ ಬಂದರೆ ಬಿರುಗಾಳಿಗೆ ಸಿಕ್ಕು ಸಾಯಲು ಬರುತ್ತಾನೆ, ಇಲ್ಲವೇ ಸಂಜೆಗೆಂಪಿನ ಎದುರು ಕಪ್ಪು ನೆರಳಾಗಿ ನಿಲ್ಲಲು. ಅವನ ಬಲೆಯ ಕಣ್ಣು ಎಷ್ಟಗಲ, ಬಲೆಯಲ್ಲಿ ಬಿದ್ದದ್ದು ಕಾಣೆಯೋ ನಂಗೋ, ಅಂದು ಬುಟ್ಟಿಗೆ ಎಷ್ಟು ಸಿಕ್ಕಿತು, ಡೀಸೆಲ್ ಸಾಲ ತೀರಿತೋ ಇಲ್ಲವೋ ಎಂದು ಕೇಳಿದರೆ ನಮ್ಮ ಬಹುಪಾಲು ಕಡಲ ಪದ್ಯಗಳು ಬಾಯಿ ಬಿಡುವುದಿಲ್ಲ. ಮಲೆನಾಡಿನ ಹಕ್ಕಿ, ಕೀಟ, ಓತಿಕ್ಯಾತ, ಏಡಿಗಳನ್ನು ಪೂರ್ಣಚಂದ್ರ ತೇಜಸ್ವಿ ಕನ್ನಡದ ಪಾತ್ರಗಳನ್ನಾಗಿ ಮಾಡಿದರು. ಅವರನ್ನು ಓದಿ ಬೆಳೆದವರಿಗೆ ಕಾಡಿನಲ್ಲಿ ಒಂದು ಹಕ್ಕಿ ಕಾಣದಿದ್ದರೆ ಕಾಣಲಿಲ್ಲ ಎಂದು ಗೊತ್ತಾಗುತ್ತದೆ. ಕಡಲಿಗೆ ಆ ಕೆಲಸ ಮಾಡಿದವರು ಯಾರು? ಶಿವರಾಮ ಕಾರಂತರಿಗೆ ಕಡಲತೀರದ ಭಾರ್ಗವ ಎಂದು ಹೆಸರಿಟ್ಟೆವು. ಕಡಲಿಗೂ ಹಿನ್ನೀರಿಗೂ ನಡುವಿನ ಊರಿನ ಕಥೆಯಾದ ಅವರ ಕಾದಂಬರಿಯೂ ಕೊನೆಗೆ ಮರಳುವುದು ಮಣ್ಣಿಗೇ. ಇದು ಕಾರಂತರ ಮೇಲಿನ ದೂರಲ್ಲ, ಅವರ ನಂತರ ಬಂದ ನಮ್ಮ ಮೇಲಿನದು. ಮಣ್ಣಿನ ಪ್ರತಿ ತುಂಡಿಗೂ ನಮ್ಮಲ್ಲಿ ಪಹಣಿ ಇದೆ. ಕಡಲಿನ ಪಹಣಿ ಹಿರಿಯರ ತಲೆಯೊಳಗಿದೆ; ಅವರೊಂದಿಗೇ ಸುಡುಗಾಡು ಸೇರುತ್ತಿದೆ.

ಕುಂದಾಪುರದ ಕಡೆಯ ನನ್ನ ಅಜ್ಜಿ ಮೀನನ್ನು ಅಳೆಯುತ್ತಿದ್ದದ್ದು ಮೊಣಕೈಯಿಂದ. ಮೀನಿನ ಬುಟ್ಟಿ ಹೊತ್ತು ಮನೆಬಾಗಿಲಿಗೆ ಬರುತ್ತಿದ್ದ ಹೆಂಗಸಿನ ಹತ್ತಿರ ಸಣ್ಣ ಮೀನು ಕಂಡರೆ ಸಾಕು, ‘ನಮ್ ಕಾಲ್ದಗೆ ಇದನ್ನ ತೆಂಗಿನ ಬುಡಕ್ಕೆ ಹಾಕ್ತಿದ್ರ್’ ಎನ್ನುತ್ತಿದ್ದಳು. ಚೌಕಾಸಿಯ ಮಾತು ಎಂದು ನಾವು ನಗುತ್ತಿದ್ದೆವು. ಬೂತಾಯಿ ಹೆಚ್ಚಾದ ವರ್ಷಗಳಲ್ಲಿ ಅದನ್ನು ತೆಂಗಿಗೆ ಗೊಬ್ಬರ ಹಾಕುತ್ತಿದ್ದುದು ಪಶ್ಚಿಮ ಕರಾವಳಿಯ ದಾಖಲೆಯಾದ ಸಂಗತಿ ಎಂದು ನನಗೆ ತಿಳಿದಾಗ ಅಜ್ಜಿ ಇರಲಿಲ್ಲ. ಯಾವ ಮೀನು, ಯಾವ ತಿಂಗಳು, ಎಷ್ಟು ಬುಟ್ಟಿ, ಯಾರ ತೋಟಕ್ಕೆ ಎಂದು ಒಂದು ಪ್ರಶ್ನೆಯನ್ನೂ ನಾನು ಕೇಳಿರಲಿಲ್ಲ. ಸಾಹಿತ್ಯದ ವಿದ್ಯಾರ್ಥಿಯಾಗಿದ್ದೆ. ಅವಳ ಗಾದೆಗಳನ್ನು ಬರೆದುಕೊಂಡಿದ್ದೆ.

ನೆನಪು ಸುಳ್ಳು ಹೇಳುವುದಿಲ್ಲವೇ ಎಂದು ಕೇಳುವವರಿದ್ದಾರೆ. ಹೇಳುತ್ತದೆ. ತಪ್ಪಿಸಿಕೊಂಡ ಮೀನು ಪ್ರತಿ ಸಲ ಹೇಳಿದಾಗಲೂ ಒಂದು ಗೇಣು ಬೆಳೆಯುತ್ತದೆ ಎಂಬುದು ಮೀನುಗಾರರೇ ಹೇಳಿಕೊಂಡು ನಗುವ ಮಾತು. ಆದರೆ ಹೇಳಿಕೆಯನ್ನು ಪರೀಕ್ಷಿಸಲು ದಾರಿಗಳಿವೆ. ಹತ್ತು ಜನರನ್ನು ಬೇರೆ ಬೇರೆಯಾಗಿ ಕೇಳಬಹುದು, ಹಳೆಯ ಫೋಟೋ ಹುಡುಕಬಹುದು, ಮದುವೆ ಮನೆಯ ಲೆಕ್ಕದ ಪುಸ್ತಕ, ಏಲಂ ಚೀಟಿ, ದೋಣಿಯ ಪಾಲಿನ ಲೆಕ್ಕ ತೆಗೆಸಿ ನೋಡಬಹುದು. ಹವಾಯಿ ದ್ವೀಪಗಳ ಕಡಲಿನ ಬಗ್ಗೆ ಸರ್ಕಾರಿ ಲೆಕ್ಕ ಸಿಗದ ವರ್ಷಗಳಿಗೆ ಮೆಕ್ಲೆನಹನ್ ಮತ್ತು ಸಂಗಡಿಗರು ಹೋಟೆಲುಗಳ ಹಳೆಯ ಮೆನು ಕಾರ್ಡುಗಳನ್ನು ಜೋಡಿಸಿ, ದಡದ ಮೀನುಗಳು ಊಟದ ಪಟ್ಟಿಯಿಂದ ಯಾವಾಗ ಮಾಯವಾದವು ಎಂದು ತೋರಿಸಿದ್ದಾರೆ. ಮೆನು ಕಾರ್ಡು ವಿಜ್ಞಾನಕ್ಕೆ ಒದಗುತ್ತದೆಂದಾದರೆ, ಬಲೆ ಎಳೆದವನ ಮಾತು ಏಕೆ ಒದಗಬಾರದು?

ಇನ್ನು, ಸರ್ಕಾರದ ಲೆಕ್ಕ ಸುಳ್ಳು ಹೇಳುವುದಿಲ್ಲವೇ? ಪಾಲಿ ಮತ್ತು ಡರ್ಕ್ ಜೆಲ್ಲರ್ ದೇಶ ದೇಶಗಳ ಹಿಡುವಳಿಯನ್ನು ಮರುಲೆಕ್ಕ ಮಾಡಿ 2016ರಲ್ಲಿ ಪ್ರಕಟಿಸಿದರು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಗೆ ದೇಶಗಳು ಕೊಟ್ಟ ಲೆಕ್ಕದ ಪ್ರಕಾರ 1996ರಲ್ಲಿ ಜಗತ್ತು ಹಿಡಿದ ಕಡಲ ಮೀನು 8.6 ಕೋಟಿ ಟನ್. ಸಣ್ಣ ದೋಣಿಯವರು ಹಿಡಿದದ್ದು, ಮನೆಗೆ ಒಯ್ದದ್ದು, ಬೇಡವೆಂದು ಕಡಲಿಗೆ ಎಸೆದದ್ದು, ಕದ್ದು ಹಿಡಿದದ್ದು ಎಲ್ಲ ಸೇರಿಸಿದಾಗ ಅವರಿಗೆ ಸಿಕ್ಕಿದ್ದು ಸುಮಾರು 13 ಕೋಟಿ ಟನ್. ಅಧಿಕೃತ ಪುಸ್ತಕವೂ ತಪ್ಪಿಸಿಕೊಂಡ ಮೀನಿನ ಕಥೆಯನ್ನೇ ಹೇಳುತ್ತದೆ, ತಿರುಗಿಸಿ ಹೇಳುತ್ತದೆ ಅಷ್ಟೇ.

ಬೂತಾಯಿಯಂಥ ಮೀನು ಮೊದಲಿನಿಂದಲೂ ಕೆಲವು ವರ್ಷ ಉಕ್ಕುತ್ತದೆ, ಕೆಲವು ವರ್ಷ ಕಾಣೆಯಾಗುತ್ತದೆ, ಎಲ್ಲದಕ್ಕೂ ಮನುಷ್ಯನನ್ನೇ ದೂರುವುದೇಕೆ ಎಂಬ ಇನ್ನೊಂದು ಮಾತೂ ಇದೆ. ಈ ಮಾತು ನಿಜ; ನಿಜವಾಗಿರುವುದರಿಂದಲೇ ಉದ್ದನೆಯ ನೆನಪು ಬೇಕು. ಕೇರಳದಲ್ಲಿ 2012ರಲ್ಲಿ ಬೂತಾಯಿಯ ಹಿಡುವಳಿ ನಾಲ್ಕು ಲಕ್ಷ ಟನ್ನಿನ ಹತ್ತಿರವಿತ್ತು. 2021ರಲ್ಲಿ 3,297 ಟನ್ನಿಗೆ ಬಿತ್ತು. ಹತ್ತು ವರ್ಷದ ನೆನಪಷ್ಟೇ ಇದ್ದವನಿಗೆ ಇದು ಪ್ರಳಯ; ಮುಂದೊಂದು ವರ್ಷ ಸ್ವಲ್ಪ ಬಂದರೆ ಅದೇ ಪುನರ್ಜನ್ಮ. ಕಡಲಿನ ಉಸಿರಾಟ ಯಾವುದು, ಉಬ್ಬಸ ಯಾವುದು ಎಂದು ಬೇರ್ಪಡಿಸಲು ಅರವತ್ತು ಎಪ್ಪತ್ತು ವರ್ಷದ ನೋಟ ಬೇಕು. ಆ ನೋಟ ಇರುವವರು ಮೀನುಮಾರುಕಟ್ಟೆಯ ಹಿಂದಿನ ಜಗಲಿಯಲ್ಲಿ ಕುಳಿತು ಹಳೆಯ ಬಲೆ ಹೆಣೆಯುತ್ತಿದ್ದಾರೆ.

ಮೂರನೆಯ ಮಾತನ್ನು ಹೇಳುವವರು ನಮ್ಮವರೇ, ಪರಿಸರದ ಬಗ್ಗೆ ಕಾಳಜಿ ಇರುವವರು. ಮೀನು ಖಾಲಿಯಾದದ್ದು ಮೀನುಗಾರರ ದುರಾಸೆಯಿಂದ, ಅವರನ್ನು ಕಡಲಿಂದ ದೂರವಿಡಿ ಎನ್ನುತ್ತಾರೆ. ನೆನಪನ್ನು ಚಾಟಿ ಮಾಡಿಕೊಳ್ಳುವ ಈ ಜಾಣತನವನ್ನು ನಾನು ಒಪ್ಪುವುದಿಲ್ಲ. ಯಂತ್ರದ ಬೋಟಿಗೆ ಸಹಾಯಧನ ಕೊಟ್ಟದ್ದು, ಹೆಚ್ಚು ಹಿಡಿದಷ್ಟೂ ಪ್ರಗತಿ ಎಂದು ವರ್ಷ ವರ್ಷ ಟನ್ ಲೆಕ್ಕ ಓದಿದ್ದು ಸರ್ಕಾರ. ಮರಿಮೀನನ್ನು ಕಿಲೋ ಲೆಕ್ಕದಲ್ಲಿ ಕೊಂಡು ಅರೆದು ಕೋಳಿ, ಸಿಗಡಿಗಳ ಮೇವು ಮಾಡುವುದು ಫಿಶ್‌ಮಿಲ್‌ಗಳು. ಆ ಕೋಳಿಯನ್ನು, ಸಿಗಡಿಯನ್ನು ತಿನ್ನುವವರು ಬೆಂಗಳೂರಿನಲ್ಲೂ ಇದ್ದೇವೆ. ಬೋಟಿನ ಮೇಲೆ ದಿನಗಟ್ಟಲೆ ನಿದ್ದೆಗೆಟ್ಟು ಬಲೆ ಎಳೆಯುವ ಕಲಾಸಿಯ ಪಾಲಿಗೆ ಬರುವುದು ಇದರಲ್ಲಿ ಎಷ್ಟು? ಅವನು ಆರೋಪಿಯಾಗುವ ಮೊದಲು ಸಾಕ್ಷಿ.

ಸಾಕ್ಷಿ ಎಂಬ ಪದವನ್ನು ಅಲಂಕಾರಕ್ಕೆ ಬಳಸುತ್ತಿಲ್ಲ. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ, ಅಂಕೋಲೆಯ ಕೇಣಿಯಲ್ಲಿ ಬಂದರು ಯೋಜನೆಗಳ ವಿರುದ್ಧ ಮೀನುಗಾರರು ವರ್ಷಗಳಿಂದ ಬೀದಿಗಿಳಿದಿದ್ದಾರೆ. ಇಂಥ ಯೋಜನೆಗಳಿಗೆ ಪರಿಸರ ಪರಿಣಾಮದ ವರದಿ ಬೇಕು. ಆ ವರದಿಗೆ ‘ಮೂಲಸ್ಥಿತಿ’ಯ ಅಧ್ಯಯನ ಬೇಕು. ಸಾಮಾನ್ಯವಾಗಿ ಆ ಮೂಲಸ್ಥಿತಿಯೆಂದರೆ ಮಳೆಗಾಲ ಬಿಟ್ಟು ಒಂದು ಋತುವಿನಲ್ಲಿ ಕಂಡದ್ದು, ಹೆಚ್ಚೆಂದರೆ ಕೆಲವು ತಿಂಗಳ ಮಾದರಿ. ಐವತ್ತು ವರ್ಷ ಬರಿದಾದ ಮೇಲೆ ಉಳಿದ ಕಡಲನ್ನು ಒಂದು ಋತು ನೋಡಿ, ಇಲ್ಲಿ ಇರುವುದು ಇಷ್ಟೇ, ಇದರಲ್ಲಿ ಹೋಗುವುದು ಅತ್ಯಲ್ಪ ಎಂದು ಬರೆಯಬಹುದು. ಪಾಲಿ ಯಾವುದನ್ನು ರೋಗ ಎಂದರೋ ಅದೇ ಇಲ್ಲಿ ಪದ್ಧತಿ. ಸಾರ್ವಜನಿಕ ಅಹವಾಲಿನ ದಿನ ಮುದುಕಿಯೊಬ್ಬಳು ಎದ್ದು ನಿಂತು, ಈ ಅಳಿವೆಯಲ್ಲಿ ಯಾವ ಮೀನು ಯಾವ ತಿಂಗಳು ಮರಿ ಹಾಕಲು ಬರುತ್ತಿತ್ತು ಎಂದು ಹೇಳಿದರೆ ಅದು ‘ಅಭಿಪ್ರಾಯ’ದ ಅಂಕಣಕ್ಕೆ ಹೋಗುತ್ತದೆ. ಮೂರು ತಿಂಗಳಿಗೆ ಬಂದು ಹೋದವರದು ‘ದತ್ತಾಂಶ’. ಮುದುಕಿಯ ಕೈಯಲ್ಲಿ ದಿನಾಂಕ, ಊರು, ಹೆಸರು, ಅಳತೆ ಇರುವ ಬರಹವೊಂದಿದ್ದರೆ, ಹತ್ತು ಊರುಗಳಿಂದ ಅಂಥ ನೂರು ಬರಹಗಳಿದ್ದರೆ, ಅದನ್ನು ತಳ್ಳಿಹಾಕುವುದು ಇಷ್ಟು ಸುಲಭವಲ್ಲ. ಅಂಥ ಬರಹ ಇಲ್ಲದಿರುವುದಕ್ಕೆ ಕಂಪನಿಯೂ ಸರ್ಕಾರವೂ ಕಾರಣವಲ್ಲ. ಬರೆಯಲು ಬರುವ ನಾವು ಕಾರಣ.

ಆದ್ದರಿಂದ ವಿದ್ಯಾರ್ಥಿಗಳಾದ ನಿಮ್ಮಲ್ಲಿ ಒಂದು ಬೇಡಿಕೆ. ಮುಂದಿನ ರಜೆಗೆ ಗೋಕರ್ಣಕ್ಕೋ ಮಲ್ಪೆಗೋ ಉಳ್ಳಾಲಕ್ಕೋ ಹೋದಾಗ ಸೂರ್ಯಾಸ್ತವನ್ನು ಅದರ ಪಾಡಿಗೆ ಬಿಡಿ. ಜೂನ್, ಜುಲೈ ತಿಂಗಳಲ್ಲಿ ಯಂತ್ರದ ಬೋಟುಗಳಿಗೆ ರಜೆ, ಹಿರಿಯರಿಗೂ ಪುರುಸೊತ್ತು. ಬಲೆ ಹೆಣೆಯುತ್ತ ಕುಳಿತವರ ಹತ್ತಿರ, ಮೀನು ಮಾರಿ ಮನೆ ನಡೆಸಿದ ಅಜ್ಜಿಯರ ಹತ್ತಿರ ಕುಳಿತುಕೊಳ್ಳಿ. ಮೀನು ದಡಕ್ಕೆ ತಂದವರಿಗಿಂತ ಮಾರಿದವರಿಗೆ ಬೆಲೆ, ಗಾತ್ರ ಹೆಚ್ಚು ನೆನಪಿರುತ್ತದೆ. ನೀವು ಕಂಡ ಅತಿ ದೊಡ್ಡ ಅಂಜಲ್ ಎಷ್ಟಿತ್ತು, ಕೈಯಲ್ಲಿ ತೋರಿಸಿ ಎನ್ನಿ. ತೋರಿಸಿದ್ದನ್ನು ಟೇಪು ಹಿಡಿದು ಅಳೆಯಿರಿ. ಯಾವ ವರ್ಷ ಎಂದು ನೆನಪಾಗದಿದ್ದರೆ ಯಾರ ಮದುವೆಯ ವರ್ಷ, ಯಾವ ನೆರೆಯ ವರ್ಷ ಎಂದು ಕೇಳಿ. ಆಗ ಸಿಗುತ್ತಿದ್ದು ಈಗ ಸಿಗದ ಮೀನುಗಳ ಹೆಸರನ್ನು ಅವರು ಹೇಳಿದ ಹಾಗೆಯೇ ಬರೆದುಕೊಳ್ಳಿ. ತುಳುವಿನಲ್ಲಿ ಹೇಳಿದರೆ ತುಳುವಿನಲ್ಲಿ, ಕೊಂಕಣಿಯಲ್ಲಿ ಹೇಳಿದರೆ ಕೊಂಕಣಿಯಲ್ಲಿ. ಬರೆದದ್ದನ್ನು ಓದಿ ಹೇಳಿ, ಅವರು ಒಪ್ಪಿದರೆ ಅವರ ಹೆಸರು ಹಾಕಿ. ಆ ತಿಳಿವಳಿಕೆ ಅವರದು. ಒಂದು ಪ್ರತಿ ಅವರಿಗೆ ಕೊಡಿ, ಒಂದು ಊರಿನ ಗ್ರಂಥಾಲಯಕ್ಕೆ, ಒಂದು ಕಡಲ ವಿಜ್ಞಾನ ಓದುತ್ತಿರುವ ನಿಮ್ಮ ಗೆಳೆಯರಿಗೆ.

ಇದರಿಂದ ಕಥೆ ಹುಟ್ಟುತ್ತದೆಯೇ, ಕವಿತೆ ಹುಟ್ಟುತ್ತದೆಯೇ ಎಂದು ಆಗಲೇ ಯೋಚಿಸಬೇಡಿ. ಹುಟ್ಟಿದರೆ ಹುಟ್ಟಲಿ. ಮೊದಲು ಅಳತೆ ಬರೆದುಕೊಳ್ಳಿ.